ಶರಣಮ್ಮ ನಮ್ಮ ಮನೆಗೆ ಬರುತ್ತಿದ್ದ ವರ್ಷ

ನಾನು ಐದನೇ ತರಗತಿಯಲ್ಲಿದ್ದ ವರ್ಷ ನಮ್ಮವ್ವ ಪಡಸಾಲೆಯ ಗೋಡೆಗೆ ಕರಿಬಣ್ಣ ಬಳಿಸಿದಳು. ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಎದುರಿನ ಲಾಡ್ಜುಗಳ ಸಾಲು ದಾಟಿ ಒಳಗೆ ಬಂದರೆ ಸಿಗುವ ಓಣಿಯಲ್ಲಿ, ಮಾಳಿಗೆಯ ಮೇಲೆ ನಮ್ಮ ಬಾಡಿಗೆ ಮನೆ. ಒಂದರ ಹಿಂದೆ ಒಂದಾಗಿ ಮೂರೇ ಕೋಣೆ. ಮೊದಲು ಪಡಸಾಲೆ, ಆಮೇಲೆ ಅಡುಗೆಮನೆ, ಕೊನೆಗೆ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಮಲಗುವ ಸಣ್ಣ ಕೋಣೆ. ಪಡಸಾಲೆಯ ಉದ್ದನೆಯ ಗೋಡೆಯ ಮೇಲೆ ದೇವರ ಪಟಗಳಿದ್ದವು, ಅಪ್ಪ ಅವ್ವನ ಮದುವೆಯ ಫೋಟೋ ಇತ್ತು, ಮೂರು ವರ್ಷದವಳಿದ್ದಾಗ ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿ ತೆಗೆಸಿದ ನನ್ನ ಫೋಟೋ ಕೂಡ ಇತ್ತು. ಒಂದು ಭಾನುವಾರ ಅವೆಲ್ಲ ಕೆಳಗಿಳಿದವು. ದೇವರು ಅಡುಗೆಮನೆಗೆ ಹೋದರು, ಮದುವೆಯ ಫೋಟೋ ಅಲಮಾರಿನ ಮೇಲೆ ಹೋಯಿತು, ನನ್ನದು ಆಯಿಯ ಟ್ರಂಕಿನೊಳಗೆ ಸೇರಿತು. ಬಣ್ಣದವನು ಎರಡು ಸಲ ಹೊಡೆದು ಹೋದ ಮೇಲೆ ಗೋಡೆಗೆ ಗೋಡೆಯೇ ಒಂದು ಕರಿಹಲಗೆಯಾಗಿ ನಿಂತಿತ್ತು. ಆಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಅದನ್ನೇ ನೋಡಿದಳು.

"ಬಾಳೇ ಮಾಡೋ ಮನಿ ಗ್ವಾಡಿಗೆ ಯಾರರ ಕರಿ ಬಣ್ಣ ಹಚ್ತಾರೇನವಾ?"

"ಅತ್ತೀ, ನನ್ನ ಹುಡಿಗ್ಯಾರಿಗೆ ಬೋರ್ಡಿನ ಮ್ಯಾಲ ನೆಟ್ಟಗ ಒಂದು ಗೆರಿ ಎಳಿಯಾಕ ಬರಂಗಿಲ್ಲ. ನಾಳೆ ಸಾಲಿಗೆ ಹೋಗಿ ಏನು ಕಲಸ್ತಾರ?"

"ಅದಕ್ಕ ಕಾಲೇಜ್ ಐತಲ್ಲ?"

"ಕಾಲೇಜಿನ್ಯಾಗ ಬೋರ್ಡ್ ಇರೋ ಖೋಲಿಗೆ ಯಾವಾಗ್ಲೂ ಕೀಲಿ ಇರ್ತದ್ರಿ."

ಆಯಿಗೆ ಕೇಳಿಸಿದ್ದು ಕೀಲಿಯ ಮಾತು. ನನಗೆ ಕೇಳಿಸಿದ್ದು "ನನ್ನ ಹುಡಿಗ್ಯಾರು" ಎಂಬ ಮಾತು. ಆ ಮನೆಯಲ್ಲಿ ಅವ್ವ "ನನ್ನ ಹುಡುಗಿ" ಎಂದು ಹೇಳಬಹುದಾದವಳು ನಾನೊಬ್ಬಳೇ ಎಂದು ಅಂದಿನವರೆಗೂ ನಂಬಿದ್ದೆ.

ಅವ್ವ ಒಂದು ಖಾಸಗಿ ಬಿ.ಎಡ್. ಕಾಲೇಜಿನಲ್ಲಿ ಲೆಕ್ಚರರ್. ಮುಂದೆ ಶಿಕ್ಷಕರಾಗುವವರಿಗೆ ಪಾಠ ಮಾಡುವುದನ್ನು ಕಲಿಸುವುದು ಅವಳ ಕೆಲಸ. ಆ ಕಾಲೇಜಿನಲ್ಲಿ ನಡೆಯುತ್ತಿದ್ದುದು ಬೇರೆ. ಹೆಸರು ಹಚ್ಚಿದ ಅರ್ಧ ಜನ ಪರೀಕ್ಷೆಯ ದಿನ ಮಾತ್ರ ಮುಖ ತೋರಿಸುತ್ತಿದ್ದರು. ನಲವತ್ತು ಪಾಠ ಮಾಡಿದ್ದೇನೆ ಎಂದು ಬರೆದು ತೋರಿಸಬೇಕಾದ ರೆಕಾರ್ಡು ಬುಕ್ಕು ಬರೆದೇ ಸಿಗುತ್ತಿತ್ತು, ಹೆಸರೊಂದನ್ನು ತುಂಬಿಕೊಂಡರೆ ಆಯಿತು. ಯಾವುದೋ ಶಾಲೆಯ ಹೆಡ್‌ಮಾಸ್ತರರು ಕಾಣದ ಮುಖಗಳಿಗೆ ಸಹಿ ಹಾಕುತ್ತಿದ್ದರು. ಅವ್ವ ಆ ರೆಕಾರ್ಡುಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದಳು. ಒಂದು ಇಡೀ ಅವಧಿ ವಿದ್ಯಾರ್ಥಿಗಳು ಶಾಲೆಯಲ್ಲೇ ಇದ್ದು, ದಿನವೂ ಮಕ್ಕಳ ಎದುರು ನಿಂತು ಕಲಿಯಬೇಕು ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಳು. ಮೂರು ಸಲ ಜಗಳವಾಗಿ, ಕೊನೆಗೆ ಅವರು ಆರು ಹುಡುಗಿಯರನ್ನು ಕೊಟ್ಟು "ಮಾಡಿ ತೋರಿಸಿ" ಎಂದರು. ಅದೇ ಸಮಯಕ್ಕೆ ಶಿಕ್ಷಕರ ತರಬೇತಿ ಹೇಗೆ ಬದಲಾಗಬೇಕೆಂದು ನೋಡಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಅವ್ವ ಅವರಿಗೂ ಬರೆದಳು. ವರ್ಷದ ಕೊನೆಗೆ ಬಂದು ಒಂದು ಪಾಠ ನೋಡುತ್ತೇವೆ, ಮನಸ್ಸಿಗೆ ಬಂದರೆ ನಿಮ್ಮ ಕ್ರಮವನ್ನು ಎಲ್ಲ ಕಾಲೇಜುಗಳಿಗೂ ಶಿಫಾರಸು ಮಾಡುತ್ತೇವೆ ಎಂದು ಅವರಿಂದ ಉತ್ತರ ಬಂತು. ಆ ಕಾಗದವನ್ನು ಅವ್ವ ದೇವರ ಪಟದ ಹಿಂದೆ ಸಿಕ್ಕಿಸಿದಳು.

ಅಪ್ಪ ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಪಡಸಾಲೆಯ ತುಂಬ ಆರು ಜೊತೆ ಚಪ್ಪಲಿ, ಸೀಮೆಸುಣ್ಣದ ಪುಡಿ, ಜೋರು ದನಿಗಳು. ಅವನಿಗೆ ರೇಡಿಯೋ ಮುಂದೆ ಕಾಲು ಚಾಚಿ ಕೂಡುವ ಚಟ. ಅದು ತಪ್ಪಿತು. ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರಿಗೆ ಕಾಲು ಸರಿಸಿಕೊಡುತ್ತಿದ್ದ. ಒಂದು ದಿನ ಅಡುಗೆಮನೆಯಲ್ಲಿ ಸ್ವಲ್ಪ ಸಿಟ್ಟು, ಸ್ವಲ್ಪ ನಗೆ ಬೆರೆಸಿ ಹೇಳಿದ:

"ನಂದೂ ಒಂದು ಹಾಜರಿ ಪುಸ್ತಕ ಇಡು. ಈ ಮನ್ಯಾಗ ನಾನೂ ಬಂದೀನೋ ಇಲ್ಲೋ ಅನ್ನೋದಾದ್ರೂ ಗೊತ್ತಾಗ್ಲಿ."

"ಆತ್ರಿ, ಹೆಸರು ಹಚ್ಚಿಕೊಳ್ಳೋಣಂತ," ಎಂದಳು ಅವ್ವ, ಕೈಯಲ್ಲಿದ್ದ ಯಾರದೋ ಪಾಠಯೋಜನೆಯಿಂದ ಕಣ್ಣು ಎತ್ತದೆ. ಅಪ್ಪ ನನ್ನ ಕಡೆ ನೋಡಿದ. ನಾವಿಬ್ಬರೂ ಆಗ ಒಂದೇ ಪಕ್ಷದವರು. ಆದರೆ ಅಪ್ಪನ ಸಿಟ್ಟು ಒಂದು ಲೋಟ ಚಹಾಕ್ಕೆ ಇಳಿದುಹೋಗುತ್ತಿತ್ತು, ನನ್ನದು ಇಳಿಯುತ್ತಿರಲಿಲ್ಲ.

ಕಲಿಯುವವರಿಗೆ ಎದುರಿಗೆ ಒಂದು ಮಗು ಬೇಕಲ್ಲ. ಆ ಮಗು ನಾನೇ. ಶಾಲೆಯಿಂದ ಬಂದು ಕೈಕಾಲು ತೊಳೆದ ಕೂಡಲೇ ಕರೆ ಬರುತ್ತಿತ್ತು: "ಮಾಧೂ, ಬಾ ಕೂಡು. ಇವತ್ತ ನೀ ಮೂರನೇ ಇಯತ್ತೆ ಹುಡುಗಿ." ಒಂದು ದಿನ ಮೂರನೆಯ ತರಗತಿ, ಇನ್ನೊಂದು ದಿನ ಒಂದನೆಯದು. ಗೊತ್ತಿದ್ದುದನ್ನು ಗೊತ್ತಿಲ್ಲ ಅನ್ನಬೇಕು, ಮಕ್ಕಳು ಮಾಡುವ ತಪ್ಪನ್ನೇ ಮಾಡಬೇಕು. ಅವ್ವ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ನೋಡುತ್ತಿದ್ದುದು ನನ್ನನ್ನಲ್ಲ, ನನ್ನ ಎದುರು ನಿಂತವಳನ್ನು. ಹುಡುಗಿ ಮಾತು ತಪ್ಪಿದರೆ ಹತ್ತು ಸಲ ತಿದ್ದುವಳು, ಹನ್ನೊಂದನೆಯ ಸಲವೂ ದನಿ ಏರಿಸುತ್ತಿರಲಿಲ್ಲ. ಆ ತಾಳ್ಮೆ ಎಲ್ಲಿಂದ ಬರುತ್ತಿತ್ತೋ ನನಗೆ ತಿಳಿಯದು, ಎಲ್ಲಿ ಖಾಲಿಯಾಗುತ್ತಿತ್ತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಹೋದ ಮೇಲೆ ನನ್ನ ಲೆಕ್ಕದ ಪುಸ್ತಕ ಹಿಡಿದು ಹೋದರೆ, "ಇನ್ನೊಮ್ಮೆ ಓದು, ತಿಳೀತದ" ಎಂದು ಒಲೆಯ ಕಡೆ ತಿರುಗುವಳು. ಮೊದಲು ದಿನವೂ ಸಂಜೆ ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವಳು ಅದನ್ನು ಆಯಿಗೆ ಒಪ್ಪಿಸಿದಳು. ಆಯಿಯ ಬೆರಳು ಬಾವು ಬಂದು ಮಡಚುತ್ತಿರಲಿಲ್ಲ. ಒಂದು ಜಡೆ ಬಿಗಿ, ಒಂದು ಸಡಿಲ. ಶಾಲೆಯಲ್ಲಿ ನನ್ನ ಬೆಂಚಿನ ರೇಣುಕಾ ದಿನವೂ ಆ ಸಡಿಲ ಜಡೆಯನ್ನು ಬಿಚ್ಚಿ ಹಾಕಿಕೊಡುತ್ತಿದ್ದಳು.

ಆರು ಜನ ಕ್ರಮೇಣ ನಾಲ್ಕಾದರು, ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರು. ಬೇರೆ ಲೆಕ್ಚರರುಗಳ ವಿದ್ಯಾರ್ಥಿಗಳು ಮನೆಯಲ್ಲಿ ಕೂತೇ ಪಾಸಾಗುವಾಗ ತಾವೇಕೆ ದಿನವೂ ಸುಣ್ಣ ತಿನ್ನಬೇಕು ಎಂದು ಅವರಿಗೆ ಅನ್ನಿಸಿರಬೇಕು. ಕೊನೆಗೆ ದಿನವೂ ತಪ್ಪದೆ ಬರುವವಳು ಒಬ್ಬಳೇ ಉಳಿದಳು, ಶರಣಮ್ಮ. ಮಖ್ತಲ್ ಕಡೆಯ ಹಳ್ಳಿಯವಳು. ಅಲ್ಲಿ ಮನೆಮಾತು ಕನ್ನಡ, ಬಜಾರಿನ ಮಾತು ತೆಲುಗು. ಮನೆಯಲ್ಲಿ ಕಾಲೇಜು ಕಂಡ ಮೊದಲನೆಯವಳು, ಹತ್ತಿರದ ಹಾಸ್ಟೆಲಿನಲ್ಲಿದ್ದಳು. ತೆಳ್ಳಗೆ, ಕಪ್ಪಗೆ, ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು. ಅವಳ ದನಿ ಎಷ್ಟು ಸಣ್ಣದಿತ್ತೆಂದರೆ, ಎರಡು ಮಾರು ದೂರದಲ್ಲಿ ಕೂತ ನನಗೇ "ಏನ್ರಿ?" ಎಂದು ಕೇಳಬೇಕಾಗುತ್ತಿತ್ತು. ಕೇಳಿಸಿದರೂ ನಾನು ಬೇಕೆಂದೇ ಕೇಳುತ್ತಿದ್ದೆ. ಅವಳು ಇನ್ನಷ್ಟು ಕುಗ್ಗುತ್ತಿದ್ದಳು. ಒಂದು ಸಂಜೆ ಅವ್ವ ಎದ್ದು ಹೋಗಿ, ಶರಣಮ್ಮನ ಪಕ್ಕೆಲುಬಿನ ಕೆಳಗೆ ತನ್ನ ಅಂಗೈ ಇಟ್ಟಳು.

"ದನಿ ಗಂಟಲದಿಂದ ಅಲ್ಲ, ಇಲ್ಲಿಂದ ಬರಬೇಕು ನೋಡು. ನನ್ನ ಕೈ ದೂಡು. ಹಾಂ, ಜೋರ್ಲೆ ದೂಡು. ಈಗ ಹೇಳು."

ಶರಣಮ್ಮ ಹೇಳಿದಳು. ದನಿ ಪಡಸಾಲೆ ದಾಟಿ ಮೆಟ್ಟಿಲವರೆಗೆ ಹೋಯಿತು. ಅಪ್ಪ ಹೊರಗಿನಿಂದ "ಶಾಬಾಸ್!" ಎಂದ. ಅವ್ವ ನಕ್ಕಳು, ಕೈ ಮಾತ್ರ ತೆಗೆಯಲಿಲ್ಲ. ಆ ಕೈಯನ್ನೇ ನೋಡುತ್ತ ಕೂತೆ. ಮರುದಿನ ಬೆಳಿಗ್ಗೆ ನಾನು ಆದಷ್ಟು ಸಣ್ಣ ದನಿಯಲ್ಲಿ ಮಾತಾಡತೊಡಗಿದೆ. ಹಾಲು ಬೇಕು ಅಂದದ್ದು ಅವ್ವನಿಗೆ ಕೇಳಿಸಲಿಲ್ಲ, ಮತ್ತೆ ಅಂದೆ, ಮತ್ತೂ ಕೇಳಿಸಲಿಲ್ಲ. ಹತ್ತಿರ ಬಂದಳು. ಈಗ ಕೈ ಇಡುತ್ತಾಳೆ ಎಂದು ಉಸಿರು ಬಿಗಿಹಿಡಿದು ನಿಂತೆ.

"ಗಂಟಲ ಕೆಟ್ಟೈತೇನು? ಆಯೀನ ಕೇಳಿ ಬಿಸಿನೀರಾಗ ಉಪ್ಪು ಹಾಕ್ಕೊಂಡು ಮುಕ್ಕಳಿಸು," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಕಾಲೇಜಿಗೆ ಹೋದಳು.

ಊಟದ ವಿಷಯದಲ್ಲೂ ಹಾಗೇ ಆಯಿತು. ಹಾಸ್ಟೆಲಿನ ಅನ್ನ ತಿಂದು ಹುಡುಗಿ ಸೊರಗಿದ್ದಾಳೆ ಎಂದು ಅವ್ವ ಅವಳನ್ನು ಊಟಕ್ಕೆ ನಿಲ್ಲಿಸಿಕೊಳ್ಳತೊಡಗಿದಳು. ನಮ್ಮ ಮನೆಯಲ್ಲಿ ಹೆಂಚಿನಿಂದ ಇಳಿದ ಮೊದಲ ಜೋಳದ ರೊಟ್ಟಿ, ಇನ್ನೂ ಉಬ್ಬಿರುವಾಗಲೇ, ನನ್ನ ತಾಟಿಗೆ ಬರುತ್ತಿತ್ತು. ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಪುಂಡಿಪಲ್ಯ. ಅದಕ್ಕೆ ಯಾರೂ ನಿಯಮ ಅಂತ ಹೆಸರಿಟ್ಟಿರಲಿಲ್ಲ, ಆದರೆ ಅದು ನಿಯಮವೇ. ಶರಣಮ್ಮ ಊಟಕ್ಕೆ ಕೂತ ಮೊದಲ ದಿನ ಆ ರೊಟ್ಟಿ ಅವಳ ತಾಟಿಗೆ ಹೋಯಿತು. "ಆಕಿ ದೂರ ಹೋಗ್ಬೇಕಲ್ಲ, ಜಲ್ದಿ ತಿನ್ಲಿ," ಎಂದಳು ಅವ್ವ. ಹಾಸ್ಟೆಲು ಎರಡು ಓಣಿಯ ಆಚೆ ಇತ್ತು. ಶರಣಮ್ಮ ರೊಟ್ಟಿಯನ್ನು ಹರಿದು ಅರ್ಧ ನನ್ನ ಕಡೆ ಚಾಚಿದಳು. ಒಲ್ಲೆ ಅಂದೆ. ಆಮೇಲೆ ಬಂದ ರೊಟ್ಟಿಯನ್ನೂ ಒಲ್ಲೆ ಅಂದೆ. ಅಂದು ಹಸಿದೇ ಮಲಗುತ್ತೇನೆ, ಅವ್ವ ಬಂದು ಎಬ್ಬಿಸುತ್ತಾಳೆ ಎಂದುಕೊಂಡೆ. ಎಬ್ಬಿಸಿದವಳು ಆಯಿ.

ನಮ್ಮ ಶಾಲೆ ಓಣಿಯ ತುದಿಯಲ್ಲಿದ್ದ ಹಳೆಯ ಕನ್ನಡ ಶಾಲೆ. ಸುತ್ತಲೂ ಇಂಗ್ಲಿಷ್ ಶಾಲೆಗಳಾಗಿ ನಮ್ಮ ತರಗತಿಯಲ್ಲಿ ಇಪ್ಪತ್ತೇ ಮಕ್ಕಳು ಉಳಿದಿದ್ದೆವು. ಅವ್ವನ ಹುಡುಗಿಯರು ಪಾಠ ಮಾಡಲು ಬರುತ್ತಿದ್ದುದೂ ಅಲ್ಲಿಗೇ. ಸಮಿತಿಯವರು ನೋಡಲು ಬರುವ ದಿನ ಗೊತ್ತಾದಾಗ ಅವ್ವ ತಾನಾಗಿ ಒಂದು ಷರತ್ತು ಹಾಕಿಕೊಂಡಳು. ಇನ್ಸ್‌ಪೆಕ್ಷನ್ನು ಎಂದರೆ ಮಕ್ಕಳಿಗೆ ವಾರಗಟ್ಟಲೆ ಬಾಯಿಪಾಠ ಮಾಡಿಸಿ ನಾಟಕ ಆಡಿಸುವುದು, ಆ ರೋಗವನ್ನು ಬಿಡಿಸುವುದಕ್ಕೇ ತಾನು ಇಷ್ಟು ಒದ್ದಾಡುತ್ತಿರುವುದು. ಆದ್ದರಿಂದ ಯಾವ ಪಾಠ ಎಂಬುದನ್ನು ಸಮಿತಿಯವರು ಒಂದೇ ದಿನ ಮುಂಚೆ ತಿಳಿಸಬೇಕು, ಮಕ್ಕಳು ಆ ಪಾಠವನ್ನು ಮೊದಲ ಸಲ ಕೇಳುವವರಾಗಿರಬೇಕು. ಸಮಿತಿ ಒಪ್ಪಿತು. ಹಿಂದಿನ ದಿನ ಮಧ್ಯಾಹ್ನ ಕಾಲೇಜಿಗೆ ಚೀಟಿ ಬಂತು: ಐದನೇ ತರಗತಿ, ಭಿನ್ನರಾಶಿ, ಯಾವುದು ದೊಡ್ಡದು ಯಾವುದು ಸಣ್ಣದು. ಪಾಠ ಮಾಡುವವಳು ಶರಣಮ್ಮ. ಐದನೇ ತರಗತಿ ಎಂದರೆ ನನ್ನ ತರಗತಿ.

ಅಂದು ಸಂಜೆ ಶರಣಮ್ಮ ಬಂದಳು. ಬಾಗಿಲಲ್ಲೇ ನಿಂತು ಅಂದಳು:

"ಒಂದ್ಸಲ ಮಾಡಿ ತೋರಸ್ತೀನ್ರಿ ಮೇಡಂ. ಒಂದ ಸಲ."

"ಬ್ಯಾಡ ಶರಣಮ್ಮ. ಮಾಧು ನಾಳೆ ಅದ ಕ್ಲಾಸಿನ್ಯಾಗ ಇರ್ತಾಳ. ನಾನ ಹಾಕಿದ ಷರತ್ತು."

"ನಂಗ ಮಾತ ಹೊರಡವಲ್ವುರಿ. ನನ್ನಿಂದ ನಿಮ್ಮ ಹೆಸರು ಕೆಟ್ರ ನಾ ಊರಿಗೆ ಹೆಂಗ ಮುಖ ತೋರಸ್ಲಿ?"

ಹೇಳುತ್ತ ಹೇಳುತ್ತ ಅವಳ ದನಿ ಮತ್ತೆ ಮೊದಲಿನ ಹಾಗೆ ಗಂಟಲೊಳಗೆ ಇಳಿಯಿತು. ಅವ್ವ ಅದನ್ನು ಗಮನಿಸಿದಳು. ವರ್ಷವಿಡೀ ಹೊರಗೆ ತಂದ ದನಿ ಕಣ್ಣೆದುರಿಗೇ ವಾಪಸು ಹೋಗುತ್ತಿತ್ತು. "ಆತು, ಒಂದ ಸಲ," ಎಂದಳು. ನನ್ನನ್ನು ಕರೆದಳು. ಎರಡು ರೊಟ್ಟಿ ತಂದಿಟ್ಟಳು. ನಾನು ಹೇಳಬೇಕಾದದ್ದನ್ನೂ ಹೇಳಿಕೊಟ್ಟಳು: ಮೂರರಲ್ಲಿ ಒಂದು ಪಾಲು ದೊಡ್ಡದೋ ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಎಂದು ಕೇಳಿದಾಗ, ನಾಲ್ಕರಲ್ಲಿ ಒಂದು ಎನ್ನು, ಮಕ್ಕಳು ಹಾಗೇ ಅನ್ನುತ್ತಾರೆ. ಅಂದೆ. ಶರಣಮ್ಮ ತಪ್ಪು ಅನ್ನಲಿಲ್ಲ. ಹೇಗೆ ಹಾಗೆ ಅಂತಿ ಎಂದು ಕೇಳಿದಳು, ಒಂದು ರೊಟ್ಟಿಯನ್ನು ಮೂರು ಪಾಲು, ಇನ್ನೊಂದನ್ನು ನಾಲ್ಕು ಪಾಲು ಮಾಡಿಸಿದಳು, ಯಾವ ಪಾಲು ತಿಂತಿ ಎಂದಳು. ಮಾತು ಸಲೀಸಾಗಿ ಬಂತು. ಅವ್ವನ ಮುಖ ಬಿಚ್ಚಿಕೊಂಡಿತು. ಶರಣಮ್ಮನನ್ನು ಕಳಿಸಿ ಬಂದು ನನಗೆ ಹೇಳಿದಳು:

"ನಾಳೆ ನೀ ಕೈ ಎತ್ತಬ್ಯಾಡ, ಮಾಧು. ನಿನಗ ಗೊತ್ತಾಗೇತಿ. ಬ್ಯಾರೆ ಹುಡುಗ್ರು ಹೇಳ್ಲಿ. ನೀ ಸುಮ್ನ ಕೂಡು."

ನಾನು ಆ ದಿನಕ್ಕಾಗಿ ಹೊಸ ರಿಬ್ಬನ್ನು ತೆಗೆದಿಟ್ಟಿದ್ದೆ. ಸಮಿತಿಯವರು ಕೇಳಿದ್ದಕ್ಕೆಲ್ಲ ಮೊದಲು ಕೈ ಎತ್ತಿ ಉತ್ತರ ಹೇಳುವುದು, ಅವರು ಈ ಹುಡುಗಿ ಯಾರು ಎಂದು ಕೇಳುವುದು, ಅವ್ವ ಮುಂದೆ ಬಂದು "ನನ್ನ ಮಗಳು" ಅನ್ನುವುದು, ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಆ ಮನೆಯಲ್ಲಿ ನನ್ನ ಬಾಯಿ ಇರುವುದು ಶರಣಮ್ಮನಿಗಾಗಿ ತಪ್ಪು ಉತ್ತರ ಹೇಳುವುದಕ್ಕೆ, ಶರಣಮ್ಮನಿಗಾಗಿ ಮುಚ್ಚಿಕೊಂಡಿರುವುದಕ್ಕೆ. ಸುಮ್ಮನೆ ತಲೆ ಆಡಿಸಿದೆ.

ಮರುದಿನ ತರಗತಿಯ ಹಿಂದೆ ಮೂರು ಕುರ್ಚಿ ಹಾಕಿದ್ದರು. ಇಬ್ಬರು ಯೂನಿವರ್ಸಿಟಿಯವರು, ತೆಲುಗು ಮಾತಾಡುವವರು. ಮೂರನೆಯವರು ಕಲಬುರಗಿ ಕಡೆಯ ನಿವೃತ್ತ ಇನ್ಸ್‌ಪೆಕ್ಟರು, ಬಿಳಿ ಧೋತ್ರ, ಕೈಯಲ್ಲಿ ಬೆತ್ತ. ಅವ್ವ ಬಾಗಿಲ ಪಕ್ಕ ಪ್ರಿನ್ಸಿಪಾಲರ ಜೊತೆ ನಿಂತಿದ್ದಳು. ಅವತ್ತಿನ ಶರಣಮ್ಮನನ್ನು ನೆನೆದರೆ ಈಗಲೂ ನನಗೆ ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಪ್ಪಿಕೊಳ್ಳಲೇಬೇಕು: ಅಂಥ ಪಾಠವನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ. ದನಿ ಕೊನೆಯ ಬೆಂಚಿಗೆ ಮುಟ್ಟುತ್ತಿತ್ತು. ಅರಿವೆಯಲ್ಲಿ ಕಟ್ಟಿ ತಂದ ರೊಟ್ಟಿಗಳನ್ನು ಬಿಚ್ಚಿದಾಗ ಮಕ್ಕಳೆಲ್ಲ ಮುಂದೆ ಬಾಗಿದರು. ಯಾವುದು ದೊಡ್ಡದು ಎಂದು ಕೇಳಿದಳು. ನನ್ನ ಪಕ್ಕದ ರೇಣುಕಾ ಕೈ ಎತ್ತಿದಳು. ಲೆಕ್ಕ ಎಂದರೆ ಹೊಟ್ಟೆ ನೋವು ಬರುವ ರೇಣುಕಾ.

"ನಾಲ್ಕರಾಗ ಒಂದು ದೊಡ್ಡದ್ರಿ."

"ಹೌದಾ? ಹೆಂಗ ಹೇಳಿದಿ?"

"ಮೂರಕ್ಕಿಂತ ನಾಲ್ಕು ದೊಡ್ಡದಲ್ರಿ."

"ಖರೆ ಐತಿ, ನಾಲ್ಕು ದೊಡ್ಡದು. ಬಾ ಇಲ್ಲಿ, ನೀನ ಪಾಲು ಮಾಡು."

ರೇಣುಕಾ ಹೋಗಿ ಪಾಲು ಮಾಡಿದಳು. ಒಂದು ಕೈಯಲ್ಲಿ ಒಂದು ತುಂಡು, ಇನ್ನೊಂದು ಕೈಯಲ್ಲಿ ಇನ್ನೊಂದು. ನೋಡಿದಳು. ಮತ್ತೆ ನೋಡಿದಳು. "ಅಯ್ಯ! ಜನ ಹೆಚ್ಚಾದ್ರ ಪಾಲು ಸಣ್ಣದಾಗ್ತದ!" ಎಂದು ಕೂಗಿದಳು. ಇಡೀ ತರಗತಿ ನಕ್ಕಿತು, ಹಿಂದಿನ ಮೂರು ಕುರ್ಚಿಗಳೂ ನಕ್ಕವು. ನಾನು ಅವ್ವನ ಕಡೆ ತಿರುಗಿದೆ. ಅವಳ ಕಣ್ಣು ತುಂಬಿತ್ತು. ಶರಣಮ್ಮನನ್ನು ನೋಡುತ್ತಿದ್ದ ಆ ನೋಟವನ್ನು ನನ್ನ ಮೇಲೆ ಎಂದೂ ಕಂಡಿರಲಿಲ್ಲ.

ಪಾಠ ಮುಗಿದ ಮೇಲೆ ಧೋತ್ರದ ಅಜ್ಜ ಬೆತ್ತ ಊರಿಕೊಂಡು ಮುಂದೆ ಬಂದರು. ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು. ನನ್ನ ಎದುರು ನಿಂತು ಅಕ್ಕರೆಯಿಂದಲೇ ಕೇಳಿದರು:

"ಯಾಕವಾ, ನೀ ಒಮ್ಮೆನೂ ಕೈ ಎತ್ತಲಿಲ್ಲ? ತಿಳೀಲಿಲ್ಲೇನು?"

ಎದ್ದು ನಿಂತೆ. "ನಂಗ ಮೊದ್ಲ ಗೊತ್ತಿತ್ತುರಿ. ನಿನ್ನೆ ಸಂಜಿಕೆ ನಮ್ಮ ಮನ್ಯಾಗ ಇದ ಪಾಠ ಮಾಡಿದ್ರು. ಕೈ ಎತ್ತಬ್ಯಾಡ ಅಂತ ನಮ್ಮವ್ವ ಹೇಳ್ಯಾಳ್ರಿ."

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಅಜ್ಜ ಇನ್ನೂ ಕಾಯುತ್ತಿದ್ದರು, ಇಡೀ ತರಗತಿ ಕಾಯುತ್ತಿತ್ತು, ಮೊದಲ ಸಲ ಅವ್ವ ನನ್ನನ್ನೇ ನೋಡುತ್ತಿದ್ದಳು. ರೇಣುಕಾಳ ಕಡೆ ಒಮ್ಮೆ ನೋಡಿ ಅಂದೆ:

"ತಪ್ಪು ಉತ್ತರಾನೂ ಹೇಳಿಕೊಟ್ಟಿದ್ರು."

ಅಕ್ಷರಕ್ಕೆ ಅಕ್ಷರ ನಿಜ. ನನಗೆ ಹೇಳಿಕೊಟ್ಟಿದ್ದರು. ಆದರೆ ಅಜ್ಜ ಅದನ್ನು ಹೇಗೆ ತಿಳಿಯುತ್ತಾರೆಂದು ಗೊತ್ತಿದ್ದೇ ನಾನು ರೇಣುಕಾಳ ಕಡೆ ನೋಡಿದ್ದು. ಅವರು ಹಿಂದೆ ತಿರುಗಿ ನನ್ನ ಮಾತನ್ನು ಒಂದೊಂದೇ ಪದವಾಗಿ ತೆಲುಗಿನಲ್ಲಿ ಹೇಳಿದರು. ಆ ಇಬ್ಬರ ಮುಖದ ಮೇಲಿನ ನಗೆ ಆರುವುದನ್ನು ನಾನು ಎದ್ದು ನಿಂತೇ ನೋಡಿದೆ. ಶರಣಮ್ಮ ಮೇಜಿನ ಮೇಲಿನ ರೊಟ್ಟಿಯ ತುಂಡುಗಳನ್ನು ಅರಿವೆಯಲ್ಲಿ ಕಟ್ಟತೊಡಗಿದಳು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು.

ಅವ್ವ ವಾದ ಮಾಡಲಿಲ್ಲವಂತೆ. "ಹುಡುಗಿ ಜೊತೆ ಮನೆಯಲ್ಲಿ ಒಮ್ಮೆ ಮಾಡಿಸಿದ್ದು ನಿಜ, ಉಳಿದದ್ದು ಅಲ್ಲ" ಎಂದಷ್ಟೇ ಹೇಳಿದಳಂತೆ. ಒಂದನ್ನು ಒಪ್ಪಿಕೊಂಡವಳ ಇನ್ನೊಂದು ಮಾತನ್ನು ಅವರು ನಂಬಲಿಲ್ಲ. ಸಮಿತಿಯ ಕಾಗದದಲ್ಲಿ ಈ ಪ್ರಯೋಗವನ್ನು ಮುಂದುವರಿಸಲು ಕಾರಣ ಕಾಣುವುದಿಲ್ಲ ಎಂದಿತ್ತು. ಪ್ರಿನ್ಸಿಪಾಲರು ಅವ್ವನನ್ನು ಪಾಠದ ಅಭ್ಯಾಸ ಮಾಡಿಸುವ ಕೆಲಸದಿಂದ ತೆಗೆದು, ಯಾರೂ ಹಾಜರಾಗದ ಒಂದು ಪೇಪರನ್ನು ಕಲಿಸಲು ಕೊಟ್ಟರು. ರೆಕಾರ್ಡುಗಳಿಗೆ ಬೇರೆಯವರು ಸಹಿ ಹಾಕತೊಡಗಿದರು. ಶರಣಮ್ಮ ಬರುವುದು ನಿಂತಿತು.

ನನಗೆ ಬೇಕಾದದ್ದು ನನಗೆ ಸಿಕ್ಕಿತು. ಸಂಜೆ ಆರಕ್ಕೆ ಅಪ್ಪ ಪಡಸಾಲೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂಡುತ್ತಿದ್ದ. ಅವ್ವ ನನ್ನ ತಲೆ ಬಾಚುತ್ತಿದ್ದಳು. ಎರಡೂ ಜಡೆ ಸಮ. ಮೊದಲ ರೊಟ್ಟಿ ನನ್ನ ತಾಟಿಗೆ. ಅವಳು ಬಯ್ಯಲಿಲ್ಲ, ಹೊಡೆಯಲಿಲ್ಲ, ಕೇಳಲೂ ಇಲ್ಲ. ಲೆಕ್ಕದ ಪುಸ್ತಕ ಹಿಡಿದು ಹೋದರೆ ಪಕ್ಕದಲ್ಲಿ ಕೂಡುತ್ತಿದ್ದಳು, ನಾನು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಷ್ಟೇ. ಮುಖ ನನ್ನ ಕಡೆಗಿದ್ದರೂ ಅವಳು ಅಲ್ಲಿರುತ್ತಿರಲಿಲ್ಲ. ಶರಣಮ್ಮ ಬಾಗಿಲಲ್ಲಿ ಇಲ್ಲದಾಗಲೂ ಅವಳೇ ಗೆದ್ದಳು ಎಂದು ನನಗೆ ಮತ್ತೆ ಸಿಟ್ಟು ಬಂತು.

ನನ್ನ ಸಿಟ್ಟನ್ನು ಮುರಿದವಳು ರೇಣುಕಾ. ನಮ್ಮ ತರಗತಿಯ ಮಾಸ್ತರರು ಅವಳನ್ನು "ಏನವಾ ನಾಟಕದಾಕಿ" ಎಂದು ಕರೆಯಲು ಶುರುಮಾಡಿದ್ದರು. ಅವಳು ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ನಾನು ಹಿಂದೆಯೇ ಹೋದೆ.

"ಯಾರ ಹೇಳಿಕೊಟ್ರು ನನಗ? ಹೇಳು, ಯಾರು?" ಎಂದಳು.

ನಾನು ಅವಳ ಚೀಲದ ಪಟ್ಟಿ ಹಿಡಿದೆ, ಅವಳು ಬಿಡಿಸಿಕೊಂಡಳು.

"ನಂಗ ಖರೇನ ಗೊತ್ತಿದ್ದಿಲ್ಲ. ಅಲ್ಲಿ ನಿಂತಾಗ ತಿಳೀತು. ಲೆಕ್ಕದಾಗ ನಂಗ ತಿಳದದ್ದು ಅದೊಂದ. ಅದನ್ನೂ ನೀ ಸುಳ್ಳ ಮಾಡಿದಿ."

ಅವತ್ತು ಮನೆಗೆ ಬಂದು ನೇರ ಅಡುಗೆಮನೆಗೆ ಹೋದೆ. ಅವ್ವ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದಳು.

"ಅವ್ವಾ, ರೇಣುಕಾಗ ಯಾರೂ ಹೇಳಿಕೊಟ್ಟಿದ್ದಿಲ್ಲ."

"ನಂಗ ಗೊತ್ತೈತಿ."

"ನಾ ಬೇಕಂತ ಹಂಗ ಹೇಳಿದೆ."

"ಅದೂ ಗೊತ್ತೈತಿ."

"ಆ ಅಜ್ಜಾರ ಕಡೆ ಕರಕೊಂಡು ನಡಿ. ನಾನ ಹೇಳ್ತೀನಿ."

ಅವ್ವ ಮೊರ ಕೆಳಗಿಟ್ಟಳು. "ನಾ ಕರಕೊಂಡು ಹೋಗಿ ನಿನ್ನ ಬಾಯಿಲೆ ಹೇಳಿಸಿದ್ರ, ಅದನ್ನೂ ನಾನ ಹೇಳಿಕೊಟ್ಟೀನಿ ಅಂತಾರ, ಮಾಧು. ಈಗ ಆ ಮಾತಿಗೆ ಬೆಲಿ ಇಲ್ಲ."

ಆಡಿದ ಮಾತನ್ನು ಹಿಂದಕ್ಕೆ ತರಲು ದಾರಿಯೇ ಇಲ್ಲ ಎಂಬುದು ಆಗ ಮೊದಲ ಸಲ ತಿಳಿದು ಅತ್ತೆ. ಅವ್ವ ನನ್ನನ್ನು ಹತ್ತಿರ ಎಳೆದುಕೊಂಡಳು. ತಲೆ ಸವರುತ್ತ ಅಂದಳು:

"ನಿನ್ನೊಬ್ಬಾಕಿ ತಪ್ಪಲ್ಲ ಇದು. ಷರತ್ತು ನಂದು, ಮುರದಾಕಿನೂ ನಾನ. ನಾ ಅಂಜಿದೆ. ಆ ಹುಡುಗಿ ಮ್ಯಾಲ ನಂಗ ಪೂರಾ ಭರೋಸಾ ಇದ್ದಿದ್ರ ನಿನ್ನ ಕರೀತಿದ್ದಿಲ್ಲ. ಆಕಿಗೆ ಅಭ್ಯಾಸ ಬೇಕಾಗಿದ್ದಿಲ್ಲ ನೋಡು. ಎಷ್ಟ ಚಂದ ಮಾಡಿದಳು."

ಅವ್ವನ ಎದೆಗೆ ಮುಖ ಒತ್ತಿಕೊಂಡು ಅಳುತ್ತಿದ್ದವಳಿಗೆ ಆ ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಪಶ್ಚಾತ್ತಾಪದ ನಡುವೆಯೂ ಹೊಟ್ಟೆಕಿಚ್ಚಿಗೆ ಜಾಗ ಇರುತ್ತದೆ ಎಂಬುದು ಆಮೇಲೆ ಎಷ್ಟೋ ಸಲ ನನ್ನ ಅನುಭವಕ್ಕೆ ಬಂದಿದೆ.

ಪರೀಕ್ಷೆ ಮುಗಿದ ಮೇಲೆ ಶರಣಮ್ಮ ಊರಿಗೆ ಹೊರಟಳು. ಹೇಳಿ ಹೋಗಲು ಬಂದವಳನ್ನು ಅವ್ವ ಸ್ಟೇಷನ್ನಿನವರೆಗೆ ಬಿಟ್ಟುಬರಲು ಹೊರಟಾಗ ನಾನೂ ಬರುತ್ತೇನೆ ಎಂದೆ. ಮೆಹಬೂಬನಗರದವರೆಗೆ ರೈಲು, ಅಲ್ಲಿಂದ ಬಸ್ಸು. ಅವ್ವ ಟಿಕೀಟಿನ ಸಾಲಿನಲ್ಲಿ ನಿಂತಳು, ನಾವಿಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ವರ್ಷವಿಡೀ ಎದುರುಬದುರು ಕೂತವರು ಮೊದಲ ಸಲ ಪಕ್ಕಪಕ್ಕ. ಅವಳ ಕಡೆ ನೋಡದೆ ಹೇಳಿದೆ:

"ಅಕ್ಕಾ, ನಾ ಬೇಕಂತ ಹೇಳಿದೆ. ನಿನ್ನ ಕಂಡ್ರ ನಂಗ ಆಗ್ತಿದ್ದಿಲ್ಲ."

"ಗೊತ್ತಿತ್ತು ತಗೋ," ಎಂದಳು. ದನಿ ಮತ್ತೆ ಸಣ್ಣದಾಗಿತ್ತು. "ನಿನ್ನ ಕಂಡ್ರ ನಂಗೂ ಆಗ್ತಿದ್ದಿಲ್ಲ."

ನಾನು ತಿರುಗಿ ನೋಡಿದೆ.

"ನಾ ಎಷ್ಟ ಚಂದ ಪಾಠ ಮಾಡಿದ್ರೂ ಮುಗದ ಮ್ಯಾಲ ಚಪ್ಪಲಿ ಹಾಕ್ಕೊಂಡು ಹಾಸ್ಟೆಲಿಗೆ ಹೋಗ್ಬೇಕು. ನೀ ಒಂದು ಉತ್ತರಾನೂ ನೆಟ್ಟಗ ಹೇಳದಿದ್ರೂ ಅಲ್ಲೇ ಇರಾಕಿ. ಮೆಟ್ಟಿಲ ಇಳಿಯೋ ಮುಂದ ದಿನಾ ಅನಸ್ತಿತ್ತು, ಈ ಹುಡುಗಿಗೆ ಏನ್ ಪುಣ್ಯಾ ಅಂತ. ನಂಗ ಅವ್ವ ಇಲ್ಲ, ನಿಂಗೊತ್ತಿಲ್ಲ."

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಅವಳ ಎದುರು ಕೂತು ದಿನಕ್ಕೊಂದು ತರಗತಿಯ ಮಗುವಾಗಿದ್ದೆ, ಅವಳ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದು ಆಮೇಲೆ. ಮೊದಲು ಆದದ್ದು ಖುಷಿ. ಶರಣಮ್ಮ ನನ್ನನ್ನು ನೋಡಿ ಕರುಬಿದ್ದಳು! ಅವ್ವ ಟಿಕೀಟು ಹಿಡಿದು ಬಂದಾಗ ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ, ಶರಣಮ್ಮನಿಗೆ ಕಾಣುವ ಹಾಗೆ. ರೈಲು ಹತ್ತಿ ಕೂತ ಮೇಲೂ ಅವಳು ಕಿಟಕಿಯಿಂದ ನಮ್ಮ ಕೈಗಳ ಕಡೆ ನೋಡಿದಳು, ತುಸು ನಕ್ಕಳು.

ಶರಣಮ್ಮ ಎರಡು ವರ್ಷ ಕಾದು ಸರ್ಕಾರಿ ಶಾಲೆಯ ನೌಕರಿ ಹಿಡಿದಳು, ತನ್ನ ಊರ ಸುತ್ತಲಿನ ಶಾಲೆಗಳಲ್ಲೇ ಇದ್ದು ನಿವೃತ್ತಳಾದಳು. ನಾನು ಈಗ ಹೈದರಾಬಾದಿನಲ್ಲೇ ಒಂದು ಬಿ.ಎಡ್. ಕಾಲೇಜಿನಲ್ಲಿದ್ದೇನೆ. ತರಬೇತಿಯವರು ತಿಂಗಳುಗಟ್ಟಲೆ ಶಾಲೆಯಲ್ಲಿ ಇರಲೇಬೇಕು ಎಂಬ ನಿಯಮ ಬಂದು ವರ್ಷಗಳಾದವು. ಅವ್ವ ಕೇಳಿದ್ದೂ ಅದನ್ನೇ. ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ಶಾಲೆಗೆ ಹೋಗದೆಯೇ ಹಾಜರಿ ತಂದುಕೊಡುವವರು ಈಗಲೂ ಇದ್ದಾರೆ. ಅಂಥ ರೆಕಾರ್ಡು ನನ್ನ ಮೇಜಿಗೆ ಬಂದರೆ ಸಹಿ ಹಾಕದೆ ತಿರುಗಿ ಕಳಿಸುತ್ತೇನೆ, ಪ್ರಿನ್ಸಿಪಾಲರ ಕೋಣೆಗೆ ಕರೆ ಬರುತ್ತದೆ, ಹೋಗುತ್ತೇನೆ. ಇದನ್ನು ಮನೆಗೆ ಬಂದು ಹೇಳಿದರೆ ಅವ್ವ "ಹೂಂ" ಎನ್ನುತ್ತಾಳೆ.

ಅವ್ವನಿಗೆ ಈಗ ಎಂಬತ್ತು ದಾಟಿದೆ, ನನ್ನ ಜೊತೆಗಿದ್ದಾಳೆ. ಕಿವಿ ಸ್ವಲ್ಪ ಮಂದ. ಭಾನುವಾರ ಬೆಳಿಗ್ಗೆ ಶರಣಮ್ಮನ ಫೋನು ಬರುತ್ತದೆ. ನಾನೇ ಎತ್ತಿಕೊಳ್ಳುತ್ತೇನೆ, ಅವಳು ನನ್ನ ಆರೋಗ್ಯ ಕೇಳುತ್ತಾಳೆ, ಎರಡೇ ನಿಮಿಷಕ್ಕೆ "ಮೇಡಂಗ ಕೊಡು" ಎನ್ನುತ್ತಾಳೆ. ಆಮೇಲೆ ಒಂದು ತಾಸು ಆ ಫೋನು ನನ್ನದಲ್ಲ. ಶರಣಮ್ಮ ಈಗ ಊರಿನ ಮಕ್ಕಳನ್ನು ಮನೆಯಂಗಳದಲ್ಲಿ ಕೂಡಿಸಿಕೊಂಡು ಕಲಿಸುತ್ತಾಳಂತೆ. ನನಗೆ ಕೂಗಿ ಹೇಳಿದರೂ ಕೇಳಿಸದ ಅವ್ವನಿಗೆ ಅವಳ ಮಾತು ಮಾತ್ರ ಒಂದು ಅಕ್ಷರವೂ ತಪ್ಪದೆ ಕೇಳಿಸುತ್ತದೆ. ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುವವಳ ಹಾಗೆ ಕೂತು ನಾನು ಕಿವಿ ಇಟ್ಟಿರುತ್ತೇನೆ. ಹೋದ ಭಾನುವಾರ ಅವ್ವ ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ನೀರು ತಂದುಕೊಟ್ಟು, ಬೆನ್ನು ಸವರಿ, ಏನೂ ಅಲ್ಲವೆಂಬಂತೆ ಕೇಳಿದೆ:

"ಏನಂದ್ಲು?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ನಿನಗ್ಯಾಕ ಅದೆಲ್ಲ? ನಮ್ಮ ಪಾಠದ ಮಾತು."